ಜಿಲ್ಲೆ ಚಿಕ್ಕಮಗಳೂರು, ಎಂ.ಪಿ. ಹಾಸನದವರು! ಏಕೆ?

ನಮ್ಮ ಊರು ಕಡೂರು ವಿಧಾನಸಭಾ ಕ್ಷೇತ್ರಕ್ಕೆ ಸೇರಿದೆ. ಜಿಲ್ಲೆ ಚಿಕ್ಕಮಗಳೂರು. ಆದರೆ ನಮ್ಮ ಲೋಕಸಭಾ ಕ್ಷೇತ್ರ ಹಾಸನ. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಅರಳಿಕಟ್ಟೆ ಹತ್ತಿರ ಕೂತಿದ್ದ ತಾತನವರನ್ನು ಕೇಳಿದಾಗ, "ಉಡುಪಿ ಚಿಕ್ಕಮಗಳೂರು ಅಂತ ನಮ್ಮ ಜಿಲ್ಲೆ ಹೆಸರೇ ಇದೆಯಲ್ಲೋ, ಅವರೇ ನಮ್ಮ ಎಂ.ಪಿ." ಎಂದರು. ಅದು ಹೇಗೆ ಸರಿಯಲ್ಲ ಎಂದು ಈಗ ತಿಳಿಯೋಣ.

ಕ್ಷೇತ್ರ ಎಂದರೇನು?
ಕರ್ನಾಟಕದಲ್ಲಿ 28 ಲೋಕಸಭಾ ಕ್ಷೇತ್ರಗಳಿವೆ. ವಿಧಾನಸಭಾ ಕ್ಷೇತ್ರಗಳು 224. ಭಾಗಿಸಿ ನೋಡಿ, ಸರಿಯಾಗಿ 8 ಬರುತ್ತದೆ. ಅಂದರೆ 8 ಎಂ.ಎಲ್.ಎ. ಕ್ಷೇತ್ರ ಸೇರಿದರೆ ಒಂದು ಎಂ.ಪಿ. ಕ್ಷೇತ್ರ. ಜಿಲ್ಲೆಯ ಗಡಿ ಆಡಳಿತಕ್ಕೆ, ಕ್ಷೇತ್ರದ ಗಡಿ ಮತಕ್ಕೆ. ಇವೆರಡೂ ಒಂದೇ ಆಗಿರಬೇಕೆಂದೇನೂ ಇಲ್ಲ.

ಹಳೆಯ ಕಥೆ
1952ರಲ್ಲಿ ಮೊದಲ ಚುನಾವಣೆ ನಡೆದಾಗ ಮೈಸೂರು ರಾಜ್ಯದಲ್ಲಿ "ಹಾಸನ ಚಿಕ್ಕಮಗಳೂರು" ಎಂಬ ಒಂದೇ ಕ್ಷೇತ್ರವಿತ್ತು. ಎಚ್. ಸಿದ್ಧನಂಜಪ್ಪ ಗೆದ್ದರು. ಆಗ ಘಟ್ಟದ ಕೆಳಗಿನ ಕಾರ್ಕಳ, ಉಡುಪಿ ಮದ್ರಾಸ್ ರಾಜ್ಯದಲ್ಲಿದ್ದವು. ಶೃಂಗೇರಿಯಿಂದ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿ ಈಗಲೂ "ಎಸ್.ಕೆ. ಬಾರ್ಡರ್" ಎಂಬ ಜಾಗವಿದೆ. ಎಸ್.ಕೆ. ಎಂದರೆ ಸೌತ್ ಕೆನರಾ. 1956ರಲ್ಲಿ ಎರಡೂ ಕಡೆಯವರು ಒಂದೇ ರಾಜ್ಯದವರಾದರೂ ಹೆಸರು ಮಾತ್ರ ಉಳಿದುಕೊಂಡಿತು.

1967ರ ಚುನಾವಣೆಗೆ ಚಿಕ್ಕಮಗಳೂರು ಬೇರೆ ಕ್ಷೇತ್ರವಾಗಿತ್ತು. ಪ್ರಜಾ ಸೋಷಲಿಸ್ಟ್ ಪಕ್ಷದ ಎಂ. ಹುಚ್ಚೇಗೌಡರು ಗೆದ್ದರು. 1971 ಮತ್ತು 1977ರಲ್ಲಿ ಕಾಂಗ್ರೆಸ್ಸಿನ ಡಿ.ಬಿ. ಚಂದ್ರೇಗೌಡರು ಗೆದ್ದರು.

ದೇಶವೇ ನೋಡಿದ ಚುನಾವಣೆ
1977ರಲ್ಲಿ ಇಂದಿರಾ ಗಾಂಧಿಯವರು ರಾಯ್‌ಬರೇಲಿಯಲ್ಲಿ ಸೋತಿದ್ದರು. ಅವರಿಗಾಗಿ ಚಂದ್ರೇಗೌಡರು ರಾಜೀನಾಮೆ ಕೊಟ್ಟರು. 1978ರ ನವೆಂಬರಿನಲ್ಲಿ ಉಪಚುನಾವಣೆ ನಡೆಯಿತು. ಎದುರಾಳಿ ಜನತಾ ಪಕ್ಷದ ವೀರೇಂದ್ರ ಪಾಟೀಲರು. ಇವರು ಮೊದಲು ಮುಖ್ಯಮಂತ್ರಿ ಆಗಿದ್ದವರು. ಇಂದಿರಾ ಗಾಂಧಿಯವರು 70 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ಆದರೆ ಡಿಸೆಂಬರಿನಲ್ಲೇ ಹಕ್ಕುಚ್ಯುತಿಯ ಕಾರಣ ಲೋಕಸಭೆ ಅವರನ್ನು ಸದಸ್ಯತ್ವದಿಂದ ಹೊರಹಾಕಿತು. ನಮ್ಮ ಕಡೂರಿನವರೂ ಆಗ ಅದೇ ಕ್ಷೇತ್ರದಲ್ಲಿ ಮತ ಹಾಕಿದವರು. ಆಗ ಮತ ಹಾಕಲು 21 ವರ್ಷ ಆಗಿರಬೇಕಿತ್ತು. 18 ಆದದ್ದು 1989ರಲ್ಲಿ. ಹಳಬರು "ಇಂದಿರಮ್ಮನಿಗೆ ಓಟು ಹಾಕಿದ್ವಿ" ಅಂತ ಈಗಲೂ ಹೇಳ್ತಾರೆ.

ಮುಂದೆ 1996ರಲ್ಲಿ ಜನತಾದಳದ ಬಿ.ಎಲ್. ಶಂಕರ್, ಆಮೇಲೆ 1998, 1999, 2004ರಲ್ಲಿ ಸತತವಾಗಿ ಬಿ.ಜೆ.ಪಿ.ಯ ಡಿ.ಸಿ. ಶ್ರೀಕಂಠಪ್ಪ ಗೆದ್ದರು.

ಗೆರೆ ಬದಲಾಯಿತು
ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಆಯೋಗವು 2001ರ ಜನಗಣತಿ ನೋಡಿ ಹೊಸ ಗೆರೆ ಎಳೆಯಿತು. ಇದಕ್ಕೆ ಕ್ಷೇತ್ರ ಪುನರ್ವಿಂಗಡಣೆ ಎನ್ನುತ್ತಾರೆ. 2008ರಲ್ಲಿ ಅದು ಜಾರಿಗೆ ಬಂತು. ಬೀರೂರು ವಿಧಾನಸಭಾ ಕ್ಷೇತ್ರ ಇಲ್ಲವಾಯಿತು. ಚಿಕ್ಕಮಗಳೂರು ಎಂಬ ಲೋಕಸಭಾ ಕ್ಷೇತ್ರವೂ ಹೋಗಿ "ಉಡುಪಿ ಚಿಕ್ಕಮಗಳೂರು" ಬಂತು. ಅದರ 8 ಭಾಗಗಳು ಇವು:

ಘಟ್ಟದ ಕೆಳಗೆ: ಕುಂದಾಪುರ, ಉಡುಪಿ, ಕಾಪು, ಕಾರ್ಕಳ.
ಘಟ್ಟದ ಮೇಲೆ: ಶೃಂಗೇರಿ, ಮೂಡಿಗೆರೆ, ಚಿಕ್ಕಮಗಳೂರು, ತರೀಕೆರೆ.

ಒಂದು ಕಡೆ ಮೀನು ಹಿಡಿಯುವವರು, ಇನ್ನೊಂದು ಕಡೆ ಕಾಫಿ ಬೆಳೆಯುವವರು. ಎಲ್ಲರಿಗೂ ಒಬ್ಬರೇ ಎಂ.ಪಿ. 2009ರಲ್ಲಿ ಡಿ.ವಿ. ಸದಾನಂದ ಗೌಡರು ಗೆದ್ದರು. ಅವರು 2011ರಲ್ಲಿ ಮುಖ್ಯಮಂತ್ರಿ ಆದ್ದರಿಂದ 2012ರಲ್ಲಿ ಉಪಚುನಾವಣೆ ಆಗಿ ಕಾಂಗ್ರೆಸ್ಸಿನ ಜಯಪ್ರಕಾಶ್ ಹೆಗ್ಡೆ ಗೆದ್ದರು. 2014, 2019ರಲ್ಲಿ ಶೋಭಾ ಕರಂದ್ಲಾಜೆ, 2024ರಲ್ಲಿ ಕೋಟ ಶ್ರೀನಿವಾಸ ಪೂಜಾರಿ ಆಯ್ಕೆಯಾದರು.

ಮೇಲಿನ ಪಟ್ಟಿಯಲ್ಲಿ ಕಡೂರು ಇದೆಯೇ? ಇಲ್ಲ! ಕಡೂರು ಹಾಸನಕ್ಕೆ ಸೇರಿತು. ಇದೇ ರೀತಿ ಉಡುಪಿ ಜಿಲ್ಲೆಯ ಬೈಂದೂರು ಶಿವಮೊಗ್ಗಕ್ಕೆ ಸೇರಿತು. ಹಾಸನದಲ್ಲಿ 2009 ಮತ್ತು 2014ರಲ್ಲಿ ಎಚ್.ಡಿ. ದೇವೇಗೌಡರು, 2019ರಲ್ಲಿ ಪ್ರಜ್ವಲ್ ರೇವಣ್ಣ, 2024ರಲ್ಲಿ ಶ್ರೇಯಸ್ ಪಟೇಲ್ ಗೆದ್ದರು.

ಗೆರೆ ಯಾಕೆ ಬದಲಾಯಿಸಬೇಕು?
ಒಂದು ಶಾಲೆಯ ಮಂತ್ರಿಮಂಡಲಕ್ಕೆ ತರಗತಿಗೆ ಒಬ್ಬರಂತೆ ಆರಿಸುತ್ತಾರೆ ಎಂದುಕೊಳ್ಳಿ. ಒಂದು ತರಗತಿಯಲ್ಲಿ 60 ಮಕ್ಕಳು, ಇನ್ನೊಂದರಲ್ಲಿ 15. ಆಗ 15 ಜನರ ತರಗತಿಯ ಒಂದು ಓಟಿಗೆ ನಾಲ್ಕು ಪಟ್ಟು ಬೆಲೆ ಬಂದ ಹಾಗೆ ಆಯಿತು. ಇದು ನ್ಯಾಯವಲ್ಲ. ಊರುಗಳಲ್ಲೂ ಜನ ಹೆಚ್ಚು ಕಡಿಮೆ ಆಗುತ್ತಾರೆ. ಎಲ್ಲರ ಓಟಿಗೂ ಆದಷ್ಟು ಸಮನಾದ ಬೆಲೆ ಬರಲಿ ಎಂದು ಗೆರೆಯನ್ನು ಆಗಾಗ ಸರಿಮಾಡುತ್ತಾರೆ. ಅದಕ್ಕಾಗಿ ಜಿಲ್ಲೆಯ ಗಡಿಯನ್ನು ಕೆಲವು ಕಡೆ ದಾಟಬೇಕಾಗುತ್ತದೆ.

ನಮಗೆ ಇದರಿಂದ ಏನು?
ಬಹಳ ಇದೆ. ಎಂ.ಪಿ.ಯವರಿಗೆ ಕ್ಷೇತ್ರದ ಕೆಲಸಕ್ಕೆಂದು ವರ್ಷಕ್ಕೆ 5 ಕೋಟಿ ರೂಪಾಯಿಯ ನಿಧಿ ಇದೆ. ಇದರಲ್ಲಿ ಕುಡಿಯುವ ನೀರು, ಶಾಲಾ ಕೊಠಡಿ, ರಸ್ತೆ ಇಂಥ ಕೆಲಸಗಳಿಗೆ ಅವರು ಶಿಫಾರಸು ಮಾಡಬಹುದು. ನಮ್ಮ ಊರಿನವರು ಒಂದು ಬಸ್ ತಂಗುದಾಣ ಬೇಕೆಂದು ಅರ್ಜಿ ಬರೆಯುವ ಮಾತಾಡುತ್ತಿದ್ದಾರೆ. ಜಿಲ್ಲೆಯ ಹೆಸರು ನೋಡಿ ಬೇರೆ ಕ್ಷೇತ್ರದ ಎಂ.ಪಿ.ಗೆ ಕೊಟ್ಟರೆ, ಊರಿನವರೆಲ್ಲ ಸಹಿ ಹಾಕಿದ ಕಾಗದ ತಪ್ಪು ಬಾಗಿಲು ತಟ್ಟಿದಂತೆ ಆಗುತ್ತದೆ. ಅದಕ್ಕೆ ಇದನ್ನು ನೆನಪಿಡಿ:

1. ಜಿಲ್ಲಾಧಿಕಾರಿಗಳು: ಚಿಕ್ಕಮಗಳೂರು
2. ಎಂ.ಎಲ್.ಎ.: ಕಡೂರು ಕ್ಷೇತ್ರ
3. ಎಂ.ಪಿ.: ಹಾಸನ ಕ್ಷೇತ್ರ

ಗೆಳೆಯರೇ, ನಮಗೆ 18 ಆಗಲು ಇನ್ನೂ ಐದು ವರ್ಷ ಇದೆ. ಆದರೆ ಅರ್ಜಿ ಬರೆಯುವಾಗ ಮನೆಯವರು ನಮ್ಮನ್ನೇ ಕರೀತಾರೆ. ಮೇಲಿನ ವಿಳಾಸ ಸರಿಯಾಗಿ ಬರೆಯೋಣ. ಇವತ್ತು ಮನೆಗೆ ಹೋಗಿ "ನಮ್ಮ ಎಂ.ಪಿ. ಕ್ಷೇತ್ರ ಯಾವುದು?" ಎಂದು ಕೇಳಿ. ತಪ್ಪು ಹೇಳಿದರೆ ನಗಬೇಡಿ, ಮೂರು ಸಾಲಿನ ಈ ಪಟ್ಟಿಯನ್ನು ಬರೆದು ಗೋಡೆಗೆ ಅಂಟಿಸಿ.

— 7ನೇ ತರಗತಿಯ ವಿದ್ಯಾರ್ಥಿನಿ