ಗೇಟಿನ ಹಸಿರು ಕಾರಿಗೆ ಹತ್ತಿದರೆ

ಪ್ರಶ್ನೆ: ನಮ್ಮದು ಹನುಮನಹಳ್ಳಿ. ಸಾಲ ಮಾಡಿ ಸೆಕೆಂಡ್ ಹ್ಯಾಂಡ್ ಬಿಳಿ ಕಾರು ತಗೊಂಡು, ಹೊಸಪೇಟೆ ಸ್ಟೇಷನ್ನಿನಿಂದ ಅಂಜನಾದ್ರಿಗೆ ಬರುವವರಿಗೆ ಬಾಡಿಗೆ ಓಡಿಸುತ್ತೇನೆ. ಹನುಮಮಾಲೆ ಹತ್ತಿರ ಬಂತೆಂದು ಪಕ್ಕದ ಮನೆಯ ಕಾಕಾ ತಮ್ಮ ಹೋಂಸ್ಟೇ ಗೇಟಿಗೆ ಕಂಪ್ರೆಸರ್ ತರಿಸಿ ಹಸಿರು ಬಣ್ಣ ಹೊಡೆಸಿದರು. ಗಾಳಿಗೆ ಅದು ನನ್ನ ಕಾರಿನ ಎಡಬದಿಗೆಲ್ಲ ಬಂದು ಕೂತಿದೆ. ಕೈಯಾಡಿಸಿದರೆ ಉಸುಕು ಕಾಗದದಂತೆ ತರಿತರಿ. ಅಣ್ಣ ಥಿನ್ನರ್ ಹಚ್ಚಿ ಒರೆಸು ಅನ್ನುತ್ತಾನೆ. ಗ್ಯಾರೇಜಿನವರು ಇಡೀ ಬದಿಗೆ ಪೇಂಟ್ ಹೊಡೆಯಬೇಕು ಅಂದರು. ಕಾಕಾ ಅವರಿಗೆ ಹೇಳಿದರೆ ‘ಏನೂ ಕಾಣಂಗಿಲ್ಲ ಬಿಡೋ’ ಅಂತಾರೆ. ಜಗಳಕ್ಕೆ ಮನಸ್ಸಿಲ್ಲ, ಸುಮ್ಮನಿರಲೂ ಆಗುತ್ತಿಲ್ಲ. ಏನು ಮಾಡಲಿ?

ಉತ್ತರ: ಮೊದಲು ಅಣ್ಣನ ಕೈಯಿಂದ ಥಿನ್ನರ್ ಡಬ್ಬಿ ಇಸಿದುಕೊಳ್ಳಿ. ಆಮೇಲೆ ಕಾಕಾ ಅವರ ಮನೆಗೆ ಹೋಗಿ. ದುಡ್ಡು ಕೇಳುವುದಕ್ಕಲ್ಲ, ಗೇಟಿಗೆ ಹೊಡೆಸಿದ ಪೇಂಟಿನ ಖಾಲಿ ಡಬ್ಬಿ ನೋಡುವುದಕ್ಕೆ. ‘ಯಾವ ಪೇಂಟು ಅಂತ ಗೊತ್ತಾದರೆ ನಾನೇ ತೆಗೀತೀನಿ ಕಾಕಾ’ ಎಂದರೆ ಅವರು ಡಬ್ಬಿ ಹುಡುಕಿಕೊಡದೆ ಇರಲಾರರು. ಹಾಗೇ ಹಗಲು ಬೆಳಕಿನಲ್ಲಿ ಅವರ ಕೈಯನ್ನೂ ಒಮ್ಮೆ ಕಾರಿನ ಮೇಲೆ ಆಡಿಸಿಬಿಡಿ. ಕಣ್ಣಿಗೆ ಕಾಣದ್ದು ಬೆರಳಿಗೆ ಹತ್ತುತ್ತದೆ.

ಡಬ್ಬಿಯಿಂದ ತಿಳಿಯುವುದು ಬಹಳ. ಟರ್ಪೆಂಟೈನ್ ಬೆರೆಸುವ ಸಿಂಥೆಟಿಕ್ ಎನಾಮೆಲ್ ನಿಧಾನಕ್ಕೆ ಒಣಗುವಂಥದು. ಹಾಗಾಗಿ ಅದರ ಹನಿ ಹಸಿಯಾಗಿಯೇ ಬಂದು ಕಾರಿಗೆ ಅಂಟುತ್ತದೆ, ವಾರ ಕಳೆದಷ್ಟೂ ಗಟ್ಟಿಯಾಗುತ್ತದೆ. ಪೇಂಟರುಗಳು ಡ್ಯೂಕೊ ಎನ್ನುವ ಎನ್‌ಸಿ ಪೇಂಟಾದರೆ ನಿಮ್ಮ ಪುಣ್ಯ. ಅದು ಗಾಳಿಯಲ್ಲೇ ಅರ್ಧ ಒಣಗಿ ಧೂಳಾಗಿ ಬಿದ್ದಿರುತ್ತದೆ, ಸುಲಭಕ್ಕೆ ಏಳುತ್ತದೆ. ಜೊತೆಗೆ ಹಾರ್ಡನರ್‌ನ ಸಣ್ಣ ಡಬ್ಬಿಯೂ ಇದ್ದರೆ ಅದು ಪಿಯು; ಅದೇ ಎಲ್ಲಕ್ಕಿಂತ ಹಟಮಾರಿ.

ಥಿನ್ನರ್ ಬೇಡ ಎನ್ನಲು ಕಾರಣವಿದೆ. ಕಂಪನಿಯಲ್ಲಿ ಒಲೆಯೊಳಗೆ ಸುಟ್ಟು ಕೂರಿಸಿದ ಪೇಂಟು ಒಂದೆರಡು ಸಲದ ಒರೆಸನ್ನು ತಡೆದೀತು. ಆದರೆ ನಿಮ್ಮದು ಸೆಕೆಂಡ್ ಹ್ಯಾಂಡ್ ಗಾಡಿ. ಹಿಂದಿನವರು ಎಲ್ಲೋ ತಾಗಿಸಿ ಫೆಂಡರ್‌ಗೋ ಬಾಗಿಲಿಗೋ ಊರ ಗ್ಯಾರೇಜಿನಲ್ಲಿ ಪೇಂಟ್ ಹೊಡೆಸಿದ್ದರೆ, ಥಿನ್ನರ್ ಹಸಿರಿನ ಜೊತೆಗೆ ಬಿಳಿಯನ್ನೂ ಎಬ್ಬಿಸುತ್ತದೆ. ಹೆಡ್‌ಲೈಟಿನ ಪ್ಲಾಸ್ಟಿಕ್ಕಿಗೆ ಬಿದ್ದರಂತೂ ಸಣ್ಣ ಸಣ್ಣ ಬಿರುಕು ಬಿಟ್ಟು ಮಂಜಾಗುತ್ತದೆ. ಉಸುಕು ಕಾಗದದ ಯೋಚನೆಯೂ ಬೇಡ. ಕಾರಿನ ಮೇಲಿನ ಪಾರದರ್ಶಕ ಪದರ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್, ಅಂದರೆ ತಲೆಗೂದಲಿಗಿಂತ ತೆಳು. ಒಮ್ಮೆ ಉಜ್ಜಿ ಹೋದದ್ದು ಮತ್ತೆ ಬರುವುದಿಲ್ಲ.

ನಿಮಗೆ ಬೇಕಾದ್ದು ಕ್ಲೇ ಬಾರ್. ಮೆತ್ತಗೆ ನಾದಲು ಬರುವ ಮುದ್ದೆ ಅದು, ಒಳಗೆ ಬಹಳ ನುಣುಪಾದ ಉಜ್ಜುಪುಡಿ ಇರುತ್ತದೆ. ಕಾರ್ ಆಕ್ಸೆಸರೀಸ್ ಅಂಗಡಿಯಲ್ಲಿ ಕೇಳಿ, ಇಲ್ಲದಿದ್ದರೆ ಆನ್‌ಲೈನಿನಲ್ಲಿ ತರಿಸಿ. ಕೆಲವು ನೂರು ರೂಪಾಯಿ ಅಷ್ಟೇ. ‘ಫೈನ್’ ಅಂತ ಬರೆದದ್ದನ್ನೇ ತಗೊಳ್ಳಿ.

ಬಿಸಿಲಿಗೆ ಮುಂಚೆ, ನೆರಳಿನಲ್ಲಿ, ತಗಡು ತಣ್ಣಗಿದ್ದಾಗ ಶುರು ಮಾಡಿ. ಮೊದಲು ಕಾರ್ ಶಾಂಪೂ ಹಾಕಿ ಧಾರಾಳ ನೀರಿನಲ್ಲಿ ತೊಳೆಯಿರಿ. ನಿಮ್ಮೂರಲ್ಲಿ ಗಾಡಿಯ ಮೇಲೆ ಹೊಳೆಯ ಉಸುಕೋ ಬಂಡೆಯ ಪುಡಿಯೋ ಇಲ್ಲದೆ ಇರುವುದಿಲ್ಲ. ಅದರ ಮೇಲೇ ಕ್ಲೇ ಎಳೆದರೆ ಗೀರು ಖಂಡಿತ. ಆಮೇಲೆ ಶಾಂಪೂ ಬೆರೆಸಿದ ನೀರನ್ನು ಸ್ಪ್ರೇ ಬಾಟಲಿಗೆ ತುಂಬಿ, ಒಂದು ಮೊಳದ ಜಾಗಕ್ಕೆ ಚೆನ್ನಾಗಿ ಹೊಡೆದು, ಅಂಗೈಯಗಲ ತಟ್ಟಿದ ಕ್ಲೇಯನ್ನು ಒತ್ತದೆ ಹಿಂದೆ ಮುಂದೆ ಜಾರಿಸಿ. ಗುಂಡಗೆ ತಿರುಗಿಸಬೇಡಿ. ಮೊದಮೊದಲು ಪರಪರ ಸದ್ದು ಬರುತ್ತದೆ, ಕೈಗೆ ತಡೆ ಸಿಗುತ್ತದೆ. ಸದ್ದು ನಿಂತು ಕ್ಲೇ ಸಲೀಸಾಗಿ ಜಾರತೊಡಗಿದರೆ ಆ ಜಾಗ ಮುಗಿಯಿತು. ಹಸಿರಾದ ಮುಖವನ್ನು ಒಳಕ್ಕೆ ಮಡಚಿ ನಾದಿ, ಹೊಸ ಮುಖದಲ್ಲಿ ಮುಂದುವರಿಯಿರಿ. ಕ್ಲೇ ಕೈಜಾರಿ ನೆಲಕ್ಕೆ ಬಿತ್ತೋ, ಎಷ್ಟೇ ಹೊಸದಿದ್ದರೂ ಎಸೆದುಬಿಡಿ. ಇಲ್ಲಿ ಜಿಪುಣತನ ಬಾಗಿಲಿಗೇ ಗೀರಾಗುತ್ತದೆ.

ಎನಾಮೆಲ್‌ನ ದಪ್ಪ ಹನಿ ಇದಕ್ಕೂ ಜಗ್ಗದಿದ್ದರೆ ಹತ್ತಿ ಬಟ್ಟೆಗೆ ಸ್ವಲ್ಪ ಟರ್ಪೆಂಟೈನ್ ಸೋಕಿಸಿ ಮೆಲ್ಲಗೆ ಒರೆಸಿ, ಆ ಜಾಗವನ್ನು ಕೂಡಲೇ ಶಾಂಪೂವಿನಲ್ಲಿ ತೊಳೆಯಿರಿ. ಅದಕ್ಕೂ ಮೊದಲು ಪ್ರತಿ ಬಾಗಿಲು, ಫೆಂಡರಿನ ಕಣ್ಣಿಗೆ ಬೀಳದ ಅಂಚಿನಲ್ಲಿ ಪರೀಕ್ಷೆ ಮಾಡಿ. ಕಾರು ಬಿಳಿ, ಆದ್ದರಿಂದ ಬಟ್ಟೆ ಕಪ್ಪಿರಲಿ. ಬಟ್ಟೆಗೆ ಬಿಳಿ ಹತ್ತಿದರೆ ಅಲ್ಲಿಗೇ ನಿಲ್ಲಿಸಿ. ಗಾಜಿನ ಮೇಲಿನದಕ್ಕೆ ಸೋಪಿನ ನೀರು, ಹೊಸ ಬ್ಲೇಡು ಸಾಕು, ರಬ್ಬರಿನ ಅಂಚಿಗೆ ತಾಗದಂತೆ. ಕ್ಲೇ ಹಳೆಯ ವ್ಯಾಕ್ಸನ್ನೂ ಎತ್ತಿಬಿಡುತ್ತದೆ. ಕೊನೆಗೆ ಹೊಸದಾಗಿ ಒಂದು ಕೈ ವ್ಯಾಕ್ಸ್ ಹಚ್ಚಿ.

ಇನ್ನು ದುಡ್ಡಿನ ಮಾತು. ಕ್ಲೇ, ಶಾಂಪೂ, ವ್ಯಾಕ್ಸಿನ ಚೀಟಿ ಇಟ್ಟುಕೊಂಡಿರಿ. ಕೆಲಸ ಮುಗಿದ ಮೇಲೆ ‘ಇಷ್ಟಾತು ಕಾಕಾ’ ಎಂದು ತೋರಿಸಿ. ಇಷ್ಟು ಸಣ್ಣ ಮೊತ್ತವನ್ನು ಕೊಡುವುದು ಅವರಿಗೂ ಹಗುರ. ಅವರ ಹೋಂಸ್ಟೇ ಗಿರಾಕಿಗಳನ್ನು ಸ್ಟೇಷನ್ನಿಗೆ ಬಿಡುವ ಬಾಡಿಗೆ ನಿಮಗೆ ಬಂದರಂತೂ ಚೀಟಿಯನ್ನು ಮರೆತರೂ ನಷ್ಟವಿಲ್ಲ. ಇನ್ಶೂರೆನ್ಸಿಗೆ ಓಡಬೇಡಿ. ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್ ಹೋಗುತ್ತದೆ. ಮೊದಲ ವರ್ಷ ಶೇ 20ರಿಂದ ಶುರುವಾಗಿ ಶೇ 50ರವರೆಗೆ ಏರುವ ರಿಯಾಯಿತಿ ಅದು.

ಪಿಯು ಆಗಿದ್ದು, ಕ್ಲೇಗೂ ಬಗ್ಗದಿದ್ದರೆ ಹೊಸಪೇಟೆಯಲ್ಲೋ ಬಳ್ಳಾರಿಯಲ್ಲೋ ಮೆಷಿನ್ ಪಾಲಿಶ್ ಮಾಡುವವರಿಗೆ ತೋರಿಸಿ. ಪೇಂಟಿನ ದಪ್ಪ ಅಳೆಯುವ ಮೀಟರ್ ಇದೆಯೇ ಎಂದು ಮೊದಲೇ ಕೇಳಿ. ಅಳತೆ ನೋಡದೆ ಪಾಲಿಶ್‌ಗೂ ಬಿಡಬೇಡಿ, ಪೇಂಟ್ ಹೊಡೆಸಲೂ ಒಪ್ಪಬೇಡಿ.