ಚಳಿಗಾಲದಲ್ಲಿ ಹಿತ್ತಿಲ ಕೋಳಿಗಳ ವಸತಿ ಮತ್ತು ರಕ್ಷಣೆ



ಲಿಂಗಸುಗೂರು, ಸಿಂಧನೂರು ಮತ್ತು ಮಸ್ಕಿ ತಾಲ್ಲೂಕುಗಳಲ್ಲಿ ಎಮ್ಮೆ ಅಥವಾ ಆಕಳು ಕಟ್ಟಿದ ಮನೆಯ ಹಿತ್ತಿಲಲ್ಲಿ ನಾಲ್ಕಾರು ಜವಾರಿ ಕೋಳಿಗಳೂ ಇರುವುದು ಸಾಮಾನ್ಯ. ಹಾಲಿನ ಬಟವಾಡೆಯ ಹಣ ಸಂಸಾರದ ದೊಡ್ಡ ಖರ್ಚಿಗೆ ಹೋಗುತ್ತದೆ. ತತ್ತಿ ಮತ್ತು ಹುಂಜ ಮಾರಿದ ಹಣ ಮಾತ್ರ ತಾಯಂದಿರ ಕೈಯಲ್ಲಿ ಉಳಿದು ಮಕ್ಕಳ ಪುಸ್ತಕಕ್ಕೆ, ಔಷಧಿಗೆ, ಸಂತೆಯ ಚಿಲ್ಲರೆ ಖರ್ಚಿಗೆ ಒದಗುತ್ತದೆ. ದೀಪಾವಳಿ ಕಳೆದು ಶಿವರಾತ್ರಿ ಬರುವುದರೊಳಗೆ ಅನೇಕ ಮನೆಗಳ ಈ ಗಳಿಕೆ ಒಮ್ಮೆಲೇ ನಿಂತುಹೋಗುತ್ತದೆ. ಏಕೆಂದು ವಿಚಾರಿಸಿದರೆ ಬರುವ ಉತ್ತರ ಒಂದೇ: ‘ಚಳಿಗೆ ಕೋಳಿ ಸತ್ತವು.’

ಇದು ಪೂರ್ತಿ ನಿಜವಲ್ಲ. ಕೋಳಿಗಳು ಸಾಯುವುದಕ್ಕೆ ಬೇರೆ ಕಾರಣಗಳಿವೆ. ಅವನ್ನು ತಿಳಿದುಕೊಂಡರೆ ಹೆಚ್ಚಿನ ನಷ್ಟವನ್ನು ಮನೆಯಲ್ಲಿಯೇ ತಡೆಯಬಹುದು.

ನಮ್ಮ ಚಳಿ ಎಂಥದು?

ನಮ್ಮದು ಬಿಸಿಲು ನಾಡು. ಡಿಸೆಂಬರ್, ಜನವರಿಯಲ್ಲಿಯೂ ಮಧ್ಯಾಹ್ನದ ಉಷ್ಣಾಂಶ 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಆದರೆ ಬೆಳಗಿನ ಜಾವ ಅದು 15 ಡಿಗ್ರಿಗಿಂತ ಕೆಳಗೆ ಇಳಿಯುವುದುಂಟು. ಹಗಲಿಗೂ ರಾತ್ರಿಗೂ ಇರುವ ಈ ದೊಡ್ಡ ಅಂತರವೇ ನಮ್ಮ ಚಳಿಗಾಲದ ಲಕ್ಷಣ. ಇದರ ಜೊತೆಗೆ ಮೂಡಗಾಳಿ ಬೀಸುತ್ತದೆ, ಕಾಲುವೆ ನೀರಾವರಿಯ ಊರುಗಳಲ್ಲಿ ಇಬ್ಬನಿಯೂ ಬೀಳುತ್ತದೆ.

ಕೋಳಿಯ ಮೈ ಉಷ್ಣಾಂಶ 41ರಿಂದ 42 ಡಿಗ್ರಿ. ಬೆಳೆದ ಕೋಳಿ ಪುಕ್ಕಗಳನ್ನು ಉಬ್ಬಿಸಿ ಅವುಗಳ ನಡುವೆ ಬೆಚ್ಚನೆಯ ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಹೊಟ್ಟೆ ತುಂಬಿದ್ದು ಮೈ ಒಣಗಿದ್ದರೆ ನಮ್ಮ ಭಾಗದ ಚಳಿ ಅದಕ್ಕೆ ದೊಡ್ಡದಲ್ಲ. ಆದರೆ ಪುಕ್ಕ ತೊಯ್ದರೆ ಅಥವಾ ನೇರ ಗಾಳಿ ಬಡಿದರೆ ಈ ಹೊದಿಕೆ ಕೆಲಸ ಮಾಡುವುದಿಲ್ಲ. ಮರಿಗಳಿಗಂತೂ ಮೊದಲ ಮೂರು ವಾರ ಮೈಯ ಶಾಖವನ್ನು ತಾವೇ ಕಾಯ್ದುಕೊಳ್ಳುವ ಶಕ್ತಿ ಇರುವುದಿಲ್ಲ.

ಆದುದರಿಂದ ಚಳಿಗಾಲದಲ್ಲಿ ಕೋಳಿಗೆ ಶತ್ರುಗಳು ನಾಲ್ಕು: ನೇರ ಗಾಳಿ, ತೇವ, ಕೆಟ್ಟ ಗಾಳಿ ಮತ್ತು ರೋಗ.

ಗೂಡು ಹೇಗಿರಬೇಕು?

1. ರಾತ್ರಿ ತಂಗಲು ಒಂದು ಜವಾರಿ ಕೋಳಿಗೆ ಒಂದರಿಂದ ಒಂದೂವರೆ ಚದರ ಅಡಿ ಜಾಗ ಬೇಕು. ಹತ್ತು ಕೋಳಿಗಳಿಗೆ 4 ಅಡಿ ಉದ್ದ, 3 ಅಡಿ ಅಗಲದ ಗೂಡು ಸಾಕು. ಗೂಡು ನೆಲದಿಂದ ಒಂದು ಅಡಿಯಾದರೂ ಎತ್ತರದಲ್ಲಿರಲಿ. ಇದರಿಂದ ನೆಲದ ತಂಪು ತಗಲುವುದಿಲ್ಲ, ಹೆಗ್ಗಣ ಮತ್ತು ಮುಂಗುಸಿಗಳ ಕಾಟವೂ ಕಡಿಮೆ.

2. ಬಾಗಿಲನ್ನು ಮೂಡಗಾಳಿಗೆ ಎದುರಾಗಿ ಇಡಬಾರದು. ಈಗಾಗಲೇ ಹಾಗೆ ಇದ್ದರೆ ಸಂಜೆ ಆ ಕಡೆಗೆ ಗೋಣಿ ತಟ್ಟು ಇಳಿಬಿಡಿ. ಬೆಳಿಗ್ಗೆ ಬಿಸಿಲೇರಿದ ಮೇಲೆ ಅದನ್ನು ಎತ್ತಿ ಕಟ್ಟಿ.

3. ಚಳಿಯೆಂದು ಗೂಡನ್ನು ನಾಲ್ಕೂ ಕಡೆ ಪ್ಲಾಸ್ಟಿಕ್ ಹಾಳೆಯಿಂದ ಬಿಗಿದು ಮುಚ್ಚುವುದು ತಪ್ಪು. ಕೋಳಿಗಳ ಉಸಿರಿನ ತೇವ ಒಳಗೇ ಉಳಿಯುತ್ತದೆ. ಹಿಕ್ಕೆಯಿಂದ ಅಮೋನಿಯಾ ಎಂಬ ಘಾಟು ಅನಿಲ ಏಳುತ್ತದೆ. ಅದು ಕಣ್ಣು ಮತ್ತು ಶ್ವಾಸನಾಳವನ್ನು ಕೆಡಿಸಿ ಇತರ ರೋಗಗಳಿಗೆ ದಾರಿ ಮಾಡಿಕೊಡುತ್ತದೆ. ಸೂರಿನ ಕೆಳಗೆ, ಕೋಳಿಗಳ ತಲೆಗಿಂತ ಮೇಲೆ, ನಾಲ್ಕು ಬೆರಳು ಅಗಲದ ಕಿಂಡಿ ಸದಾ ತೆರೆದಿರಲಿ. ಪರೀಕ್ಷೆ ಸುಲಭ: ಬೆಳಿಗ್ಗೆ ಬಾಗಿಲು ತೆಗೆದು ಬಗ್ಗಿ ನೋಡಿ. ನಿಮ್ಮ ಕಣ್ಣು ಉರಿದರೆ ಕಿಂಡಿ ಸಾಲದು ಎಂದೇ ಅರ್ಥ.

4. ಗೂಡಿನಲ್ಲಿ ಎರಡು ಬೆರಳು ಅಗಲದ, ನುಣುಪಾದ ಅಡ್ಡಪಟ್ಟಿ ಹಾಕಿ. ಕೋಳಿ ಅದರ ಮೇಲೆ ಕೂತಾಗ ಹೊಟ್ಟೆಯ ಪುಕ್ಕ ಕಾಲ್ಬೆರಳುಗಳನ್ನು ಮುಚ್ಚಿ ಬೆಚ್ಚಗಿಡುತ್ತದೆ.

5. ನೆಲಕ್ಕೆ ಭತ್ತದ ಹೊಟ್ಟನ್ನು ನಾಲ್ಕು ಅಂಗುಲ ದಪ್ಪ ಹಾಸಿ. ಸಿಂಧನೂರು ಕಡೆಯ ಅಕ್ಕಿ ಗಿರಣಿಗಳಲ್ಲಿ ಇದು ಧಾರಾಳವಾಗಿ ಸಿಗುತ್ತದೆ. ವಾರಕ್ಕೆ ಎರಡು ಸಲ ಕೆದರಿ ತಿರುವಿ ಹಾಕಬೇಕು. ಕೈಯಲ್ಲಿ ಹಿಡಿದು ಅದುಮಿದಾಗ ಉಂಡೆ ಕಟ್ಟಿದರೆ ತೇವ ಹೆಚ್ಚಾಗಿದೆ ಎಂದು ತಿಳಿದು, ಆ ಭಾಗವನ್ನು ತೆಗೆದು ಒಣ ಹೊಟ್ಟು ಹಾಕಿ.

6. ಮಣ್ಣಿನ ಗೋಡೆ ಮತ್ತು ಹಳೆಯ ಕಟ್ಟಿಗೆಯ ಸಂದುಗಳಲ್ಲಿ ಕೋಳಿ ಉಣ್ಣಿಗಳು ಹಗಲು ಅಡಗಿದ್ದು ರಾತ್ರಿ ರಕ್ತ ಹೀರುತ್ತವೆ. ಸಂದುಗಳನ್ನು ಮೆತ್ತಿ ಸುಣ್ಣ ಬಳಿಯಿರಿ. ಒಂದು ಮೂಲೆಯಲ್ಲಿ ಒಣ ಮಣ್ಣು ಮತ್ತು ಒಲೆಯ ತಣ್ಣನೆ ಬೂದಿಯನ್ನು ಕಲಸಿ ಇಟ್ಟರೆ ಕೋಳಿಗಳು ಹೊರಳಾಡಿ ಹೇನು ಕಳೆದುಕೊಳ್ಳುತ್ತವೆ.

ದನದ ಕೊಟ್ಟಿಗೆಯಲ್ಲಿ ಕೋಳಿ ಬೇಡ

ಕೊಟ್ಟಿಗೆ ಬೆಚ್ಚಗಿರುತ್ತದೆಂದು ಕೋಳಿಗಳನ್ನು ಅಲ್ಲಿಯ ಜಂತಿಯ ಮೇಲೆ ಕೂರಿಸುವ ರೂಢಿ ಇದೆ. ಹಿಕ್ಕೆ ಗ್ವಾದಲಿಯ ಮೇವಿಗೂ ಹಾಲಿನ ಪಾತ್ರೆಗೂ ಬೀಳುತ್ತದೆ. ಸ್ವಚ್ಛ ಹಾಲು ಉತ್ಪಾದನೆಗೆ ಇದು ಅಡ್ಡಿ. ಇನ್ನೂ ಒಂದು ಅಪಾಯವಿದೆ. ಸತ್ತ ಕೋಳಿ ಕಣಕಿಯ ಬಣವಿಯಲ್ಲಿಯೋ ಹೊಟ್ಟಿನಲ್ಲಿಯೋ ಸೇರಿ ಕೊಳೆತರೆ ಅಲ್ಲಿ ಬಾಟುಲಿಸಂ ಎಂಬ ರೋಗ ತರುವ ವಿಷ ಹುಟ್ಟಬಹುದು. ಆ ಮೇವು ತಿಂದ ಎಮ್ಮೆ, ಆಕಳುಗಳು ಕಾಲಿನ ಶಕ್ತಿ ಕಳೆದುಕೊಂಡು ಮಲಗಿ ಸಾಯುತ್ತವೆ. ಒಂದು ಕೋಳಿಯ ಅಜಾಗ್ರತೆಗೆ ಒಂದು ಹಾಲಿನ ಎಮ್ಮೆಯನ್ನು ತೆತ್ತಂತಾಗುತ್ತದೆ. ಗೂಡನ್ನು ಕೊಟ್ಟಿಗೆಯ ಹೊರಗೋಡೆಗೆ ಒತ್ತಿ ಕಟ್ಟಿದರೆ ಬೆಚ್ಚನೆಯ ಮರೆಯೂ ಸಿಗುತ್ತದೆ, ಈ ತೊಂದರೆಯೂ ತಪ್ಪುತ್ತದೆ.

ಮರಿಗಳ ಆರೈಕೆ

ಜವಾರಿ ಹ್ಯಾಟೆ ತಾನೇ ಕಾವು ಕೊಟ್ಟು ಮರಿಗಳನ್ನು ರೆಕ್ಕೆಯಡಿ ಬೆಚ್ಚಗಿಡುತ್ತದೆ. ಚಳಿಗಾಲದಲ್ಲಿ ಒಂದು ಹ್ಯಾಟೆಯ ಕೆಳಗೆ ಹತ್ತು, ಹನ್ನೆರಡು ತತ್ತಿಗಿಂತ ಹೆಚ್ಚು ಇಡಬೇಡಿ. ಹೆಚ್ಚಾದರೆ ಅಂಚಿನ ತತ್ತಿಗಳು ತಣ್ಣಗಾಗಿ ಕೆಡುತ್ತವೆ. ಮರಿಗಳನ್ನು ಇಬ್ಬನಿ ಆರಿದ ಮೇಲೆಯೇ ಹೊರಗೆ ಬಿಡಿ. ಒದ್ದೆ ಹುಲ್ಲಿನಲ್ಲಿ ತೊಯ್ದ ಮರಿ ಬಿಸಿಲಿದ್ದರೂ ನಡುಗುತ್ತದೆ.

ಗಿರಿರಾಜದಂತಹ ಸುಧಾರಿತ ತಳಿಗಳ ವಿಷಯ ಬೇರೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಅಭಿವೃದ್ಧಿಪಡಿಸಿದ ಈ ತಳಿ 1989ರಲ್ಲಿ ಹೊರಬಂದಿತು. ಮೈ ತೂಕ ಮತ್ತು ತತ್ತಿ ಎರಡರಲ್ಲಿಯೂ ಇದು ಜವಾರಿಗಿಂತ ಮುಂದು. ಆದರೆ ನೀವು ತರುವ ಒಂದು ದಿನದ ಮರಿಗಳಿಗೆ ತಾಯಿ ಇರುವುದಿಲ್ಲ, ಕೃತಕ ಕಾವನ್ನು ನೀವೇ ಕೊಡಬೇಕು.

ಮೊದಲ ವಾರ ಮರಿಗಳ ಮಟ್ಟದಲ್ಲಿ 35 ಡಿಗ್ರಿ ಶಾಖವಿರಬೇಕು. ಪ್ರತಿ ವಾರ ಸುಮಾರು 3 ಡಿಗ್ರಿ ಇಳಿಸುತ್ತ ಹೋಗಬೇಕು. ಇಪ್ಪತ್ತು ಮರಿಗಳಿಗೆ 40 ವ್ಯಾಟಿನ ಒಂದು ಬಲ್ಬನ್ನು ಪುಟ್ಟಿಯ ಕೆಳಗೆ, ನೆಲದಿಂದ ಒಂದು ಅಡಿ ಎತ್ತರದಲ್ಲಿ, ಹೊಟ್ಟಿಗಾಗಲಿ ಪುಟ್ಟಿಗಾಗಲಿ ತಾಗದಂತೆ ತೂಗು ಹಾಕಿ. ಇದು ಹಳೆಯ ಮಾದರಿಯ ತಂತಿ ಬಲ್ಬೇ ಆಗಿರಬೇಕು. ಈಗ ಮನೆಮನೆಗೂ ಬಂದಿರುವ ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆಯೇ ಹೊರತು ಮರಿಗೆ ಸಾಕಾಗುವ ಶಾಖ ಕೊಡುವುದಿಲ್ಲ. ಬೆಳಕು ಇದೆಯಲ್ಲ ಎಂದು ನಂಬಿ ಮಲಗಿದರೆ ಬೆಳಿಗ್ಗೆ ಮರಿಗಳು ಸೆಟೆದಿರುತ್ತವೆ.

ಶಾಖ ಸರಿಯಿದೆಯೇ ಎಂದು ಮರಿಗಳೇ ಹೇಳುತ್ತವೆ:

– ಬಲ್ಬಿನ ಕೆಳಗೆ ಒಂದರ ಮೇಲೊಂದು ಒತ್ತಿಕೊಂಡು ಚೀರುತ್ತಿದ್ದರೆ ಶಾಖ ಸಾಲದು.
– ಬಲ್ಬಿನಿಂದ ದೂರ ಸರಿದು ಬಾಯಿ ತೆರೆದಿದ್ದರೆ ಶಾಖ ಹೆಚ್ಚು.
– ಎಲ್ಲವೂ ಒಂದೇ ಪಕ್ಕಕ್ಕೆ ಸೇರಿದ್ದರೆ ಇನ್ನೊಂದು ಪಕ್ಕದಿಂದ ಗಾಳಿ ನುಗ್ಗುತ್ತಿದೆ.
– ಎಲ್ಲ ಕಡೆ ಹರಡಿಕೊಂಡು ತಿನ್ನುತ್ತ, ಮಲಗುತ್ತ ಇದ್ದರೆ ಶಾಖ ಸರಿಯಾಗಿದೆ.

ಕರೆಂಟು ಹೋದಾಗ ಬಿಸಿನೀರಿನ ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ಮರಿಗಳ ನಡುವೆ ಇಡಿ, ಆರಿದಂತೆ ಬದಲಿಸಿ. ಮುಚ್ಚಿದ ಕೋಣೆಯಲ್ಲಿ ಕೆಂಡದ ಒಲೆ ಇಡಬೇಡಿ. ಅದರಿಂದ ಏಳುವ ಅನಿಲಕ್ಕೆ ವಾಸನೆಯಿಲ್ಲ. ಅದು ಮರಿಗಳನ್ನಷ್ಟೇ ಅಲ್ಲ, ಅದೇ ಕೋಣೆಯಲ್ಲಿ ಮಲಗಿದ ಮನುಷ್ಯರನ್ನೂ ಕೊಲ್ಲುತ್ತದೆ.

ಆಹಾರ ಮತ್ತು ನೀರು

ಚಳಿಯಲ್ಲಿ ಮೈ ಕಾಯಿಸಿಕೊಳ್ಳಲು ಕೋಳಿಗೆ ಹೆಚ್ಚು ಆಹಾರ ಬೇಕು. ಹಗಲು ಮೇಯ್ದು ಬಂದ ಮೇಲೆ, ಗೂಡು ಸೇರುವ ಮುಂಚೆ, ಪ್ರತಿ ಕೋಳಿಗೆ ಒಂದು ಹಿಡಿ ಜೋಳ, ಸಜ್ಜೆ ಅಥವಾ ಅಕ್ಕಿ ನುಚ್ಚು ಕೊಡಿ. ರಾತ್ರಿಯೆಲ್ಲ ಅದು ಜೀರ್ಣವಾಗುತ್ತ ಮೈಗೆ ಶಾಖ ಕೊಡುತ್ತದೆ. ಬೂಸು ಹಿಡಿದ ಕಾಳು ಅಥವಾ ಶೇಂಗಾ ಹಿಂಡಿಯನ್ನು ಕೋಳಿಗೆ ಹಾಕಬೇಡಿ. ಅದರ ವಿಷ ಪಿತ್ತಜನಕಾಂಗವನ್ನು ಹಾಳುಮಾಡುತ್ತದೆ. ರಾತ್ರಿಯ ತಣ್ಣೀರನ್ನು ಚೆಲ್ಲಿ ಬೆಳಿಗ್ಗೆ ಹೊಸ ನೀರಿಡಿ.

ಈ ದಿನಗಳಲ್ಲಿ ತತ್ತಿ ಕಡಿಮೆಯಾದರೆ ಗಾಬರಿ ಬೇಡ. ತತ್ತಿ ಇಡಲು ಕೋಳಿಗೆ ದಿನಕ್ಕೆ ಸುಮಾರು 14 ಗಂಟೆ ಬೆಳಕು ಬೇಕು. ಡಿಸೆಂಬರ್‌ನಲ್ಲಿ ನಮ್ಮಲ್ಲಿ ಹಗಲು 11 ಗಂಟೆಯಷ್ಟೇ. ದಿನ ಬೆಳೆದಂತೆ ತತ್ತಿಯೂ ಹೆಚ್ಚುತ್ತದೆ.

‘ಚಳಿ’ ಎಂದು ಮೋಸಹೋಗಬೇಡಿ: ಕೊಕ್ಕರೆ ರೋಗ

ಒಂದೇ ವಾರದಲ್ಲಿ ಓಣಿಯ ಕೋಳಿಗಳೆಲ್ಲ ಸತ್ತರೆ ಅದು ಚಳಿಯಲ್ಲ. ಹೆಚ್ಚಾಗಿ ಅದು ಕೊಕ್ಕರೆ ರೋಗ. 1920ರ ದಶಕದ ಕೊನೆಯಲ್ಲಿ ಕುಮಾವೂ ಬೆಟ್ಟಗಳ ರಾಣಿಖೇತ್ ಎಂಬ ಊರಿನಲ್ಲಿ ಗುರುತಿಸಿದ್ದರಿಂದ ಇದಕ್ಕೆ ರಾಣಿಖೇತ್ ರೋಗವೆಂದೂ ಹೆಸರು. ಬಿಳಿ ಹಸಿರು ಭೇದಿ, ಬಾಯಿ ತೆರೆದು ಉಸಿರಾಡುವುದು, ಕುತ್ತಿಗೆ ತಿರುಚುವುದು, ಕಾಲು ರೆಕ್ಕೆ ಸೋಲುವುದು ಇದರ ಲಕ್ಷಣಗಳು. ಇದು ವೈರಸ್ ರೋಗವಾದ್ದರಿಂದ ಬಂದ ಮೇಲೆ ಔಷಧಿ ಇಲ್ಲ. ಲಸಿಕೆಯೊಂದೇ ದಾರಿ.

– 5ರಿಂದ 7ನೇ ದಿನ: ಎಫ್-1 ಅಥವಾ ಲಸೋಟಾ ಲಸಿಕೆ, ಕಣ್ಣು ಅಥವಾ ಮೂಗಿಗೆ ಒಂದು ಹನಿ.
– 4ನೇ ವಾರ: ಲಸೋಟಾ ಮತ್ತೊಮ್ಮೆ.
– 8ನೇ ವಾರ: ಆರ್-2-ಬಿ ಚುಚ್ಚುಮದ್ದು, ಅರ್ಧ ಮಿಲಿ ಲೀಟರ್. ಚಿಕ್ಕ ಮರಿಗಳಿಗೆ ಇದನ್ನು ಕೊಡಬಾರದು.

ಮುಂದಿನ ಲಸಿಕೆಯ ದಿನವನ್ನು ಪಶುವೈದ್ಯರಿಂದ ತಿಳಿದುಕೊಳ್ಳಿ. ಕಾಯಿಲೆ ಬಿದ್ದ ಕೋಳಿಗೆ ಲಸಿಕೆ ಬೇಡ.

ಇಲ್ಲೊಂದು ತೊಡಕಿದೆ. ಲಸಿಕೆಯ ಒಂದು ಸೀಸೆ ನೂರಾರು ಕೋಳಿಗಳಿಗೆ ಆಗುವಷ್ಟು ಇರುತ್ತದೆ. ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಎಂಟು ಕೋಳಿಯ ಮನೆಯವರು ಒಬ್ಬರೇ ತಂದರೆ ಉಳಿದದ್ದು ಮಣ್ಣುಪಾಲು. ಹಾಗೆಂದು ಯಾರೂ ತರದಿದ್ದರೆ ಊರಿನ ಕೋಳಿಯೇ ಮಣ್ಣುಪಾಲು. ಇದಕ್ಕೆ ಪರಿಹಾರ ನಮ್ಮ ಸಹಕಾರ ಸಂಘದಲ್ಲಿಯೇ ಇದೆ. ದಿನಕ್ಕೆ ಎರಡು ಹೊತ್ತು ಹಾಲು ಹಾಕಲು ಎಲ್ಲರೂ ಅಲ್ಲಿಗೆ ಬರುತ್ತೀರಿ. ಯಾರ ಮನೆಯಲ್ಲಿ ಎಷ್ಟು ಕೋಳಿ ಎಂಬ ಪಟ್ಟಿಯನ್ನು ಕಾರ್ಯದರ್ಶಿಗಳ ಬಳಿ ಬರೆಸಿ. ದಸರೆಯ ಹೊತ್ತಿಗೇ ಒಂದು ದಿನ ಗೊತ್ತುಮಾಡಿ, ಪಶುವೈದ್ಯಾಲಯದಿಂದ ಮಂಜುಗಡ್ಡೆಯ ಡಬ್ಬಿಯಲ್ಲಿ ಲಸಿಕೆ ತರಿಸಿ. ಕೋಳಿಗಳು ಗೂಡಿನಿಂದ ಇಳಿಯುವ ಮುಂಚೆ, ಬೆಳಗಿನ ಜಾವ, ಓಣಿ ಓಣಿ ಮುಗಿಸಿಬಿಡಿ.

ಕೋಳಿ ಸತ್ತಾಗ ಏನು ಮಾಡಬೇಕು?

ಕಾಯಿಲೆ ಕೋಳಿಯನ್ನು ಅವಸರದಲ್ಲಿ ಸಂತೆಗೆ ಒಯ್ದು ಮಾರಬೇಡಿ. ಅದು ಮತ್ತೊಂದು ಊರಿನ ತಾಯಿಯ ಗೂಡಿಗೆ ರೋಗ ಹೊತ್ತು ಹೋಗುತ್ತದೆ. ಸಂತೆಯಿಂದ ತಂದ ಕೋಳಿಯನ್ನು ಮೂರು ವಾರ ಬೇರೆ ಕಟ್ಟಿ ಸಾಕಿ, ಆಮೇಲೆ ಕೂಡಿಸಿ. ಸತ್ತದ್ದನ್ನು ತಿಪ್ಪೆಗೆ, ಕಾಲುವೆಗೆ ಎಸೆಯದೆ ಮೂರು ಅಡಿ ಆಳದಲ್ಲಿ ಸುಣ್ಣ ಹಾಕಿ ಹೂಳಿ.

2025ರ ಫೆಬ್ರುವರಿ, ಮಾರ್ಚ್ ಹೊತ್ತಿನಲ್ಲಿ ನೆರೆಯ ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕಿನ ಕುರೇಕುಪ್ಪದಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಿತ್ತು. ಅದು ಕೊಕ್ಕರೆ ರೋಗದಂತೆಯೇ ಕಾಣುತ್ತದೆ, ಮನುಷ್ಯರಿಗೂ ಅಪಾಯಕಾರಿ. ಎರಡನ್ನೂ ಬೇರ್ಪಡಿಸಲು ಪ್ರಯೋಗಾಲಯದ ಪರೀಕ್ಷೆಯೇ ಬೇಕು. ಆದುದರಿಂದ ಒಮ್ಮೆಲೇ ಹಲವು ಕೋಳಿ ಸತ್ತರೆ ಬರಿಗೈಯಿಂದ ಮುಟ್ಟದೆ, ಮಕ್ಕಳನ್ನು ದೂರವಿರಿಸಿ, ಹೂಳುವ ಮೊದಲೇ ಸಮೀಪದ ಪಶುವೈದ್ಯಾಲಯಕ್ಕೆ ತಿಳಿಸಿ ಅಥವಾ 1962ಕ್ಕೆ ಕರೆ ಮಾಡಿ.

ಪಾಠದ ಸಾರ

ಗಾಳಿಗೆ ಮರೆ, ಮೇಲೆ ಕಿಂಡಿ, ಕೆಳಗೆ ಒಣ ಹೊಟ್ಟು, ಸಂಜೆ ಒಂದು ಹಿಡಿ ಕಾಳು, ಮರಿಗೆ ಕಾವು, ಚಳಿಗೆ ಮುಂಚೆ ಲಸಿಕೆ. ಈ ಆರೂ ನೆನಪಿದ್ದರೆ ಸಾಕು. ಇವುಗಳಲ್ಲಿ ಐದನ್ನು ಪ್ರತಿ ಮನೆಯವರೂ ತಾವೇ ಮಾಡಿಕೊಳ್ಳಬಹುದು. ಆರನೆಯದಕ್ಕೆ ಮಾತ್ರ ಊರು ಒಂದಾಗಬೇಕು. ಮುಂದಿನ ಸಂಘದ ಸಭೆಯಲ್ಲಿ ಈ ವಿಷಯವನ್ನು ಎತ್ತಿರಿ. ತಾಯಂದಿರೂ ಆ ಸಭೆಗೆ ಬರಲಿ, ಏಕೆಂದರೆ ಕೋಳಿಗಳ ಲೆಕ್ಕ ಗೊತ್ತಿರುವುದು ಅವರಿಗೇ.