ರೈಲು ಮರಳಿ ಬರುವವರೆಗೆ

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ, ಕಾರ್ಪೆಂಟಾರಿಯಾ ಕೊಲ್ಲಿಗೆ ಹತ್ತಿರದ ಪುಟ್ಟ ಊರು ನಾರ್ಮಂಟನ್. ಕರಾವಳಿಯ ಕೇರ್ನ್ಸ್ ನಗರದಿಂದ ಪಶ್ಚಿಮಕ್ಕೆ ಸುಮಾರು 700 ಕಿ.ಮೀ. ಜುಲೈ ತಿಂಗಳ ಒಂದು ಮಂಗಳವಾರ ನಮ್ಮ ಕ್ಯಾರವಾನ್ ಅಲ್ಲಿಗೆ ತಲುಪುವ ಹೊತ್ತಿಗೆ ಕತ್ತಲಾಗಿತ್ತು. ಒಂದೇ ರಾತ್ರಿ ತಂಗಬೇಕೆಂದಿದ್ದ ನಾವು ಮೂರು ರಾತ್ರಿ ಉಳಿದೆವು.

ಮೊದಲ ಪಾಠ ಊರು ಸೇರುವ ಮುಂಚೆಯೇ ಆಯಿತು. ಇಲ್ಲಿನ ದನಗಾವಲುಗಳಿಗೆ ಎಷ್ಟೋ ಕಡೆ ಬೇಲಿಯಿಲ್ಲ. ಹೊತ್ತು ಮುಳುಗುತ್ತಿದ್ದಂತೆ ದನಗಳೂ ವಾಲಬಿಗಳೂ ರಸ್ತೆಗೆ ಬರುತ್ತವೆ. ದಾರಿಯಲ್ಲಿ ಕ್ರೊಯ್ಡನ್ ಎಂಬ ಊರು ದಾಟಿದ ಮೇಲೆ ಹೋರಿಯೊಂದು ದಿಢೀರನೆ ಎದುರಾಯಿತು. ಬ್ರೇಕ್ ಒತ್ತಿದ್ದೇ ತಡ, ಹಿಂದಿದ್ದ ಕ್ಯಾರವಾನ್ ಎಡಕ್ಕೂ ಬಲಕ್ಕೂ ತೂಗಾಡಿತು. ಒಳಗಿನ ಪಾತ್ರೆ, ಡಬ್ಬಿ, ಅಕ್ಕಿ ಎಲ್ಲ ನೆಲದ ಪಾಲು. ಅಂದಿನಿಂದ ಸಂಜೆ ನಾಲ್ಕರೊಳಗೆ ಗಾಡಿ ನಿಲ್ಲಿಸುವುದು ಮನೆಯ ಕಟ್ಟಳೆಯಾಯಿತು.

ಎರಡನೆಯದು ರೋಡ್ ಟ್ರೇನ್. ದನ ಸಾಗಿಸುವ ಈ ಲಾರಿ 53 ಮೀಟರ್‌ವರೆಗೂ ಉದ್ದವಿರಬಹುದು. ಒಂದೇ ಗಾಡಿಯ ಅಗಲಕ್ಕೆ ಡಾಂಬರು ಹಾಕಿದ ಕಡೆ ಅದು ಎದುರಾದರೆ ಪೂರ್ತಿ ಮಣ್ಣಿಗಿಳಿದು ನಿಂತು ದಾರಿ ಬಿಡಬೇಕು. ಲಾರಿ ಚಾಲಕರು ಮಾತಾಡುವುದು ರೇಡಿಯೋದ 40ನೇ ಚಾನೆಲ್‌ನಲ್ಲಿ. ಅದನ್ನು ಹಾಕಿಟ್ಟುಕೊಂಡರೆ ಅವರ ಸುಳಿವು ಮೊದಲೇ ಸಿಗುತ್ತದೆ.

ಊರಿನ ನಡುವೆ 8.63 ಮೀಟರ್ ಉದ್ದದ ಮೊಸಳೆಯ ಪ್ರತಿಮೆಯಿದೆ. 1957ರಲ್ಲಿ ಕ್ರಿಸ್ಟಿನಾ ಪಾವ್ಲೋವ್ಸ್ಕಿ ಎಂಬಾಕೆ ನಾರ್ಮನ್ ನದಿಯಲ್ಲಿ ಹೊಡೆದ ಮೊಸಳೆ ಅಷ್ಟೇ ಉದ್ದವಿತ್ತೆಂದು ಊರು ಹೇಳುತ್ತದೆ. ಮಗಳು ಬಾಲದಿಂದ ಮೂತಿಯವರೆಗೆ ಹೆಜ್ಜೆ ಎಣಿಸುತ್ತ ನಡೆದಳು. ಆಮೇಲೆ ನದಿಯ ಅಂಚಿನಿಂದ ಐದು ಮೀಟರ್ ದೂರವಿರಬೇಕೆಂಬ ಎಚ್ಚರಿಕೆಯನ್ನು ಅವಳಿಗೆ ಮತ್ತೆ ಹೇಳಬೇಕಾಗಲಿಲ್ಲ. ಪಾತ್ರೆ ತೊಳೆಯಲು ನಲ್ಲಿಯ ನೀರೇ ಗತಿ.

ಬುಧವಾರ ಬೆಳಿಗ್ಗೆ ಹೊರಡುವ ಮುನ್ನ ಮಕ್ಕಳಿಗಾಗಿ ರೈಲು ನಿಲ್ದಾಣಕ್ಕೆ ಹೋದೆವು. ಗಲ್ಫ್‌ಲ್ಯಾಂಡರ್ ಎಂಬ ರೈಲು ವಾರಕ್ಕೊಮ್ಮೆ ಇಲ್ಲಿಂದ ಕ್ರೊಯ್ಡನ್‌ಗೆ ಹೋಗಿ ಮರುದಿನ ಮರಳುತ್ತದೆ. ದೇಶದ ಬೇರಾವ ರೈಲು ದಾರಿಗೂ ಇದು ಸೇರಿಲ್ಲ. ಮೂಲ ಯೋಜನೆಯಲ್ಲಿ ಹಳಿ ಹೋಗಬೇಕಿದ್ದುದು ತಾಮ್ರದ ಊರು ಕ್ಲೊಂಕರಿಗೆ; 1885ರಲ್ಲಿ ಕ್ರೊಯ್ಡನ್‌ನಲ್ಲಿ ಚಿನ್ನ ಸಿಕ್ಕಿ ದಿಕ್ಕು ಬದಲಾಯಿತು, 1891ರಲ್ಲಿ ದಾರಿ ಮುಗಿಯಿತು.

ಹಳಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು ನೋಡಿದೆ. ಮರದ ತೊಲೆಗಳ ಬದಲು ಮಗುಚಿ ಹಾಕಿದ ದೋಣಿಯಂಥ ಉಕ್ಕಿನ ಸ್ಲೀಪರ್‌ಗಳು, ಹೊಟ್ಟೆಯೊಳಗೆ ಒಣಗಿದ ಕೆಸರು. ಇದು ಜಾರ್ಜ್ ಫಿಲಿಪ್ಸ್ ಎಂಬ ಎಂಜಿನಿಯರ್‌ನ ಯುಕ್ತಿ. ಗೆದ್ದಲು ಉಕ್ಕನ್ನು ತಿನ್ನುವುದಿಲ್ಲ. ಹಳಿ ನೆಲದ ಮಟ್ಟಕ್ಕೇ ಇರುವುದರಿಂದ ಪ್ರವಾಹ ಅದರ ಮೇಲೆಯೇ ಹರಿದು ಹೋಗುತ್ತದೆ. ಕೊಚ್ಚಿಹೋಗಲು ಏರಿಯೂ ಇಲ್ಲ, ಜಲ್ಲಿಯೂ ಇಲ್ಲ. ನೀರಿಳಿದ ಮೇಲೆ ರೈಲು ಮತ್ತೆ ಹೊರಡುತ್ತದೆ. 2009ರ ಮಳೆಗಾಲದಲ್ಲಿ ವಾರಗಟ್ಟಲೆ ರಸ್ತೆ ಸಂಪರ್ಕ ಕಡಿದುಹೋಗಿದ್ದ ಊರಿದು.

ಆ ಸ್ಲೀಪರ್ ಮುಟ್ಟಿ ಎದ್ದಾಗ ನಮ್ಮ ವೇಳಾಪಟ್ಟಿಯ ಬಿಗಿ ಸಡಿಲವಾಗಿತ್ತು. ದಿನಕ್ಕೆ ಇಷ್ಟು ಕಿಲೋಮೀಟರ್ ಎಂದು ಲೆಕ್ಕ ಹಾಕಿ ಓಡಿದ್ದರಿಂದಲೇ ಅಲ್ಲವೇ ಕತ್ತಲಲ್ಲಿ ಹೋರಿ ಎದುರಾದದ್ದು? ರೈಲು ಮರಳುವುದನ್ನು ನೋಡಬೇಕೆಂದು ಮಗ ಹಟ ಹಿಡಿದಾಗ ಬೇಡವೆನ್ನಲಿಲ್ಲ.

ಗುರುವಾರ ಮಧ್ಯಾಹ್ನ ಮೊದಲು ಕಂಡದ್ದು ಹಳಿಯಂಚಿನ ಒಣಹುಲ್ಲಿನ ಮೇಲೆ ಎದ್ದ ಧೂಳು. ಆಮೇಲೆ ಹಾರ್ನ್. ಮಗ ಪ್ಲಾಟ್‌ಫಾರ್ಮಿನ ತಗಡಿನ ಕಮಾನಿನ ಕೆಳಗೆ ನಿಂತು ಎರಡೂ ಕೈ ಬೀಸಿದ. ಎಂಜಿನ್ನಿನ ಕಿಟಕಿಯಿಂದ ಚಾಲಕನೂ ಬೀಸಿದ.